ಗಂಟೆಗೆ 62 ಕಿಮೀ ವೇಗಕ್ಕೆ ಬಂದ ಕೂಡಲೇ ಬೈಕ್ ಹ್ಯಾಂಡಲ್ ಗುಂಯ್ ಅನ್ನುತ್ತದೆ, ಕೈ ಜೋಮು ಹಿಡಿಯುತ್ತದೆ. ಏನು ಮಾಡಲಿ?

ಹತ್ತೊಂಬತ್ತು ಕಿಮೀ:

ನನ್ನದು 125 ಸಿಸಿ ಬೈಕ್. ಒಂದೇ ಸಿಲಿಂಡರ್, ಐದು ಗೇರ್. ತೆಗೆದುಕೊಂಡು ಮೂರೂವರೆ ವರ್ಷ ಆಯಿತು, ಮೀಟರ್ 38,400 ಕಿಮೀ ತೋರಿಸುತ್ತಿದೆ. ಬೆಳಿಗ್ಗೆ ಕೆಲಸಕ್ಕೆ 19 ಕಿಮೀ, ಸಂಜೆ ವಾಪಸ್ 19 ಕಿಮೀ. ಭಾನುವಾರ ಬಿಟ್ಟು ದಿನವೂ ಇದೇ. ಅದರಲ್ಲಿ 11 ಕಿಮೀ ಸಿಗ್ನಲ್ ಇಲ್ಲದ ಅಗಲ ರಸ್ತೆ. ನನ್ನ ಗೋಳೆಲ್ಲ ಆ 11 ಕಿಲೋಮೀಟರಿನದು.

ಟಾಪ್ ಗೇರ್‌ನಲ್ಲಿ 58 ದಾಟುತ್ತಿದ್ದ ಹಾಗೆ ಹ್ಯಾಂಡಲ್‌ನಲ್ಲಿ ಸಣ್ಣಗೆ ಶುರುವಾಗುತ್ತದೆ. 62ಕ್ಕೆ ಬಂದರೆ ಜೇನುಗೂಡನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ. 68 ದಾಟಿದರೆ ಸ್ವಲ್ಪ ತಣ್ಣಗಾಗುತ್ತದೆ, ಆದರೆ ದಿನಾ ಆ ವೇಗದಲ್ಲಿ ಓಡಿಸಲು ನನಗೆ ಇಷ್ಟವಿಲ್ಲ. ಬಲಗೈಗೆ ಜಾಸ್ತಿ. ಮಂಡಿಯನ್ನು ಟ್ಯಾಂಕಿಗೆ ಒತ್ತಿದರೆ ಅಲ್ಲೂ ಗೊತ್ತಾಗುತ್ತದೆ. ಫುಟ್‌ರೆಸ್ಟ್‌ನಲ್ಲಿ ಅಷ್ಟಿಲ್ಲ. ಕನ್ನಡಿಯಲ್ಲಿ ನೋಡಿದರೆ ಹಿಂದೆ ಬರುವ ಲಾರಿಗೆ ನಾಲ್ಕು ಹೆಡ್‌ಲೈಟ್.

ಕೆಲಸದ ಜಾಗ ತಲುಪಿ ರಿಜಿಸ್ಟರ್‌ನಲ್ಲಿ ಸಹಿ ಹಾಕಬೇಕು. ಪೆನ್ನು ಹಿಡಿದರೆ ಬೆರಳು ನನ್ನದಲ್ಲವೇನೋ ಅನ್ನಿಸುತ್ತದೆ. ಹತ್ತು ನಿಮಿಷ ಕೈ ಕೊಡವಿದ ಮೇಲೆ ಸರಿಹೋಗುತ್ತದೆ.

ಮೊದಲು ಹೀಗಿರಲಿಲ್ಲ. ಸಣ್ಣ ನಡುಕ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಇಷ್ಟು ಜೋರಾಗಿದ್ದು ಮೂರು ನಾಲ್ಕು ತಿಂಗಳಿಂದ. ಆಯಿಲ್ ಎರಡು ಸಲ ಬದಲಿಸಿದೆ. ದಪ್ಪ ಸ್ಪಂಜಿನ ಗ್ರಿಪ್ ಹಾಕಿಸಿದೆ. ಕೈಗೆ ಗ್ಲೌಸ್ ಹಾಕಿದೆ. ಸರ್ವಿಸ್‌ಗೆ ಬಿಟ್ಟಾಗ ಹೇಳಿದೆ. ಹುಡುಗ ಒಂದು ರೌಂಡ್ ಹೋಗಿ ಬಂದು "ಎಲ್ಲಾ ಬೈಕೂ ಹೀಗೇ ಸರ್" ಅಂತ ಕೀ ಕೈಗಿಟ್ಟ. ಅವನು ಹೋಗಿದ್ದು ಪಕ್ಕದ ರಸ್ತೆಗೆ. ಅಲ್ಲಿ 40ಕ್ಕಿಂತ ಜಾಸ್ತಿ ಹೋಗಲು ಆಗುವುದೇ ಇಲ್ಲ!

ಬೈಕ್ ಮಾರುವ ಯೋಚನೆ ಇಲ್ಲ. ಲೀಟರಿಗೆ 58 ಕಿಮೀ ಕೊಡುತ್ತಿದೆ, ಬೆಳಿಗ್ಗೆ ಒಂದೇ ಸ್ಟಾರ್ಟ್‌ಗೆ ಎದ್ದೇಳುತ್ತದೆ. ಇದೊಂದು ಸರಿಹೋದರೆ ಇನ್ನೂ ಐದು ವರ್ಷ ಇಟ್ಟುಕೊಳ್ಳುತ್ತೇನೆ.

ಟಾಪ್ ಗೇರ್:

ಆಯಿಲ್ ಗ್ರೇಡ್ ತಪ್ಪಿರಬೇಕು. ದಪ್ಪ ಆಯಿಲ್ ಹಾಕಿ, 20ಡಬ್ಲ್ಯೂ 50. ನಾನು ಹಾಕಿದ್ದೇನೆ, ಇಂಜಿನ್ ಬೆಣ್ಣೆ. ಇಲ್ಲವಾದರೆ ಸುಮ್ನೆ ಮಾರಿ ಎರಡು ಸಿಲಿಂಡರಿನದು ತೆಗೆದುಕೊಳ್ಳಿ. ಸಿಂಗಲ್ ಅಂದರೆ ನಡುಕ, ಅಷ್ಟೇ.

ಹಳೇ ಪಾನಾ:

ಆಯಿಲ್ ವಿಷಯ ಒಂದೇ ಮಾತಲ್ಲಿ ಮುಗಿಸುತ್ತೇನೆ. ಕೈಪಿಡಿಯಲ್ಲಿ 10ಡಬ್ಲ್ಯೂ 30 ಅಂತ ಇದ್ದರೆ ಅದನ್ನೇ ಹಾಕಿ. ಆಯಿಲ್ ಹಳತಾದರೆ ಇಂಜಿನ್ ಸದ್ದು ಒರಟಾಗುತ್ತದೆ, ಗೇರ್ ಬಿಗಿಯಾಗುತ್ತದೆ. ಆದರೆ ಒಂದೇ ವೇಗದಲ್ಲಿ ಬಂದು ಆಮೇಲೆ ಹೋಗುವ ನಡುಕ ಆಯಿಲ್‌ನದ್ದಲ್ಲ. ಆಯಿಲ್‌ಗೆ 62 ಅಂತ ಲೆಕ್ಕ ಬರುವುದಿಲ್ಲ.

ನಾನು ಬೈಕ್ ಮೆಕ್ಯಾನಿಕ್ ಅಲ್ಲ. ಮೂವತ್ತು ವರ್ಷ ಪಂಪ್‌ಸೆಟ್ಟು, ಡೀಸೆಲ್ ಇಂಜಿನ್ನು ರಿಪೇರಿ ಮಾಡಿದವನು. ಓಡಾಡುವುದು ಮಾತ್ರ ನಿಮ್ಮಂಥದ್ದೇ ಸಿಂಗಲ್ ಸಿಲಿಂಡರ್ ಬೈಕಿನಲ್ಲಿ. ನನಗೆ ಕೆಲಸ ಕಲಿಸಿದವರು ಪಂಪ್ ನಡುಗಿದರೆ ಪಂಪ್ ಮುಟ್ಟಲು ಬಿಡುತ್ತಿರಲಿಲ್ಲ. ಮೊದಲು ಬುಡದ ಬೋಲ್ಟ್‌ಗಳಿಗೆ ಪಾನಾ ಹಾಕಿಸುತ್ತಿದ್ದರು. ಹತ್ತರಲ್ಲಿ ಏಳು ಸಲ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಬೈಕಿನಲ್ಲೂ ಇಂಜಿನ್ ಅಂದರೆ ಕಬ್ಬಿಣದ ಚೌಕಟ್ಟಿಗೆ ನಾಲ್ಕೈದು ಬೋಲ್ಟ್‌ನಲ್ಲಿ ಕಟ್ಟಿಹಾಕಿದ ಪಂಪೇ ಅಲ್ವಾ.

ಆದರೆ ಅದಕ್ಕೂ ಮೊದಲು ನಡುಗುತ್ತಿರುವುದು ಇಂಜಿನ್ನೋ ಚಕ್ರವೋ ಗೊತ್ತಾಗಬೇಕು. ದುಡ್ಡು ಖರ್ಚು ಮಾಡುವ ಮುಂಚೆ ಇಷ್ಟು ಮಾಡಿ. ಹಿಂದೆ ಮುಂದೆ ಯಾರೂ ಇಲ್ಲದ ಕಡೆ 62ಕ್ಕೆ ಹೋಗಿ. ನಡುಕ ಬಂದಾಗ ಕ್ಲಚ್ ಹಿಡಿದು ಆಕ್ಸಿಲರೇಟರ್ ಬಿಡಿ. ಬೈಕ್ ಇನ್ನೂ 60ರಲ್ಲೇ ಉರುಳುತ್ತಿರುತ್ತದೆ, ಇಂಜಿನ್ ಮಾತ್ರ ಐಡ್ಲಿಂಗ್‌ಗೆ ಇಳಿಯುತ್ತದೆ. ಆಗ ಗುಂಯ್ ನಿಂತರೆ ಅದು ಇಂಜಿನ್ನಿನದು. ನಿಲ್ಲದೆ ಹಾಗೇ ಇದ್ದರೆ ಟಯರ್, ರಿಮ್ಮು, ಬೇರಿಂಗ್, ಹ್ಯಾಂಡಲ್ ಬುಡದ ಕೋನ್ ಸೆಟ್ ಕಡೆ ನೋಡಬೇಕು.

ಎರಡನೆಯದು. ನಾಲ್ಕನೇ ಗೇರ್‌ನಲ್ಲಿ, ಮೂರನೇ ಗೇರ್‌ನಲ್ಲಿ ಅದೇ ನಡುಕ ಎಷ್ಟು ವೇಗಕ್ಕೆ ಬರುತ್ತದೆ ಬರೆದಿಟ್ಟುಕೊಳ್ಳಿ. ಪ್ರತಿ ಗೇರ್‌ಗೂ ಬೇರೆ ಬೇರೆ ವೇಗ ಬಂದರೆ ಇಂಜಿನ್. ಯಾವ ಗೇರ್ ಆದರೂ 62ಕ್ಕೇ ಬಂದರೆ ಚಕ್ರ. ಆರ್‌ಪಿಎಂ ಮೀಟರ್ ಇಲ್ಲದ ಬೈಕಿಗೆ ಇದೇ ಮೀಟರ್.

ಕೈಗೂ ವ್ಯತ್ಯಾಸ ಗೊತ್ತಾಗುತ್ತದೆ. 62ರಲ್ಲಿ ನಿಮ್ಮ ಚಕ್ರ ಸೆಕೆಂಡಿಗೆ ಸುಮಾರು 9 ಸುತ್ತು ತಿರುಗುತ್ತದೆ. ಟಾಪ್ ಗೇರ್‌ನಲ್ಲಿ ಇಂಜಿನ್ ಅದರ ಹತ್ತು ಪಟ್ಟು, ಅಂದರೆ ಸೆಕೆಂಡಿಗೆ 90ರ ಹತ್ತಿರ, ನಿಮಿಷಕ್ಕೆ 5,400. ಚಕ್ರದ ದೋಷ ಇದ್ದರೆ ಹ್ಯಾಂಡಲ್ ಪಟಪಟ ಬಡಿಯುತ್ತದೆ, ಕುಣಿಯುತ್ತದೆ. ಇಂಜಿನ್ನಿನದು ಬಡಿಯುವುದಿಲ್ಲ, ಝುಮ್ಮೆನ್ನುತ್ತದೆ. ನೀವು ಬರೆದಿದ್ದು ಜೇನುಗೂಡು ಅಂತ. ಹಾಗಾಗಿ ನನ್ನ ಪಂದ್ಯ ಇಂಜಿನ್ ಕಡೆಗೆ.

ಇನ್ನು ಸಿಂಗಲ್ ಅಂದರೆ ನಡುಕ ಅನ್ನುವ ಮಾತು. ಅರ್ಧ ಸತ್ಯ. ಪಿಸ್ಟನ್ ಮೇಲೆ ಹೋಗಿ ನಿಲ್ಲಬೇಕು, ತಿರುಗಿ ಕೆಳಗೆ ಬಂದು ನಿಲ್ಲಬೇಕು. 5,400 ಆರ್‌ಪಿಎಂನಲ್ಲಿ ಸೆಕೆಂಡಿಗೆ 180 ಸಲ ಹೀಗೆ ನಿಂತು ತಿರುಗುತ್ತದೆ. 58 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಓಡುವ ದೂರ) ಇರುವ ಇಂಜಿನ್ನಿನಲ್ಲಿ ಲೆಕ್ಕ ಹಾಕಿ ನೋಡಿ. ತುದಿಯಲ್ಲಿ ಪಿಸ್ಟನ್ನಿನ ಪ್ರತಿ 100 ಗ್ರಾಂ ತೂಕವೂ ಆ ಕ್ಷಣಕ್ಕೆ 100 ಕಿಲೋಗೂ ಮಿಕ್ಕಿ ಎಳೆಯುತ್ತದೆ. ಅದನ್ನು ಸರಿದೂಗಿಸಲು ಕ್ರ್ಯಾಂಕ್‌ನಲ್ಲಿ ಎದುರು ತೂಕ ಇಟ್ಟಿರುತ್ತಾರೆ. ಆದರೆ ಪೂರ್ತಿ ಇಟ್ಟರೆ ಮೇಲೆ ಕೆಳಗಿನ ನಡುಕ ಹೋಗಿ ಹಿಂದೆ ಮುಂದೆ ನಡುಕ ಬರುತ್ತದೆ, ಯಾಕೆಂದರೆ ಪಿಸ್ಟನ್ ಹೋಗಿಬರುತ್ತದೆ, ಆ ತೂಕ ಸುತ್ತುತ್ತದೆ. ಅದಕ್ಕೆ ಅರ್ಧದ ಆಸುಪಾಸಿಗೆ ರಾಜಿ ಮಾಡಿಕೊಳ್ಳುತ್ತಾರೆ. ಉಳಿದರ್ಧ ನಿಮ್ಮ ಅಂಗೈಗೆ. ಬ್ಯಾಲೆನ್ಸರ್ ಶಾಫ್ಟ್ ಇರುವ ಇಂಜಿನ್ನಿನಲ್ಲಿ ಇನ್ನೊಂದು ತೂಕ ಕ್ರ್ಯಾಂಕ್ ವೇಗದಲ್ಲೇ ಉಲ್ಟಾ ತಿರುಗಿ ಆ ಉಳಿದರ್ಧವನ್ನೂ ಬಹುಪಾಲು ಕಳೆಯುತ್ತದೆ. ರಾಯಲ್ ಎನ್‌ಫೀಲ್ಡ್‌ನ ಹಳೇ ಬುಲೆಟ್‌ನಲ್ಲಿ ಅದು ಇರಲಿಲ್ಲ, 2020ರ ಮೀಟಿಯರ್ 350ರಲ್ಲಿ ಬಂತು. ಎರಡರಲ್ಲೂ ಸಿಲಿಂಡರ್ ಒಂದೇ.

ಎರಡು ಸಿಲಿಂಡರ್ ಇದ್ದ ಮಾತ್ರಕ್ಕೆ ನಡುಕ ಇಲ್ಲ ಅನ್ನುವುದೂ ಸರಿಯಲ್ಲ, ಟಾಪ್ ಗೇರ್ ಅವರೇ. ಹಳೇ ಕಾಲದ ಬ್ರಿಟಿಷ್ ಟ್ವಿನ್‌ಗಳಲ್ಲಿ ಎರಡು ಪಿಸ್ಟನ್ನೂ ಒಟ್ಟಿಗೇ ಮೇಲೆ, ಒಟ್ಟಿಗೇ ಕೆಳಗೆ. ಎರಡು ಸಿಂಗಲ್‌ಗಳು ಕೈ ಕೈ ಹಿಡಿದು ಕುಣಿದ ಹಾಗೆ. 1967ರಲ್ಲಿ ನಾರ್ಟನ್‌ನವರು ಕಮಾಂಡೋ ಅಂತ ಒಂದು ಬೈಕ್ ತಂದರು. ಇಂಜಿನ್ ನಡುಗುವುದನ್ನು ನಿಲ್ಲಿಸಲಾಗದೆ ಇಂಜಿನ್ನು, ಗೇರ್‌ಬಾಕ್ಸು, ಹಿಂದಿನ ಫೋರ್ಕು ಎಲ್ಲವನ್ನೂ ಒಂದೇ ಗಂಟು ಮಾಡಿ ರಬ್ಬರ್ ಮೇಲೆ ಕೂರಿಸಿದರು. ನಡುಗು ತಾಯಿ, ನೀನು ನಡುಗು, ಸವಾರನಿಗೆ ತಾಗದಿದ್ದರೆ ಸಾಕು ಅಂತ. ನನಗೆ ಆ ಉಪಾಯದ ಮೇಲೆ ಬಹಳ ಪ್ರೀತಿ.

ಸರಿ, ವಿಷಯಕ್ಕೆ ಬರುತ್ತೇನೆ. ನಿಮ್ಮ ಬೈಕ್ ಮೂರು ವರ್ಷ ಚೆನ್ನಾಗಿತ್ತು ಅಂದರೆ ಪಿಸ್ಟನ್ನಿನ ತೂಕ ಈಗ ಬದಲಾಗಿಲ್ಲ. ಹುಟ್ಟುವ ನಡುಕ ಅಷ್ಟೇ ಇದೆ, ತಲುಪುವ ದಾರಿ ಬದಲಾಗಿದೆ. ಮೂರು ನಾಲ್ಕು ತಿಂಗಳ ಹಿಂದೆ ಬೈಕಿಗೆ ಏನಾಯಿತು? ಏನು ಬಿಚ್ಚಿದರು, ಏನು ಹಾಕಿದರು, ಎಲ್ಲಿ ಬಿದ್ದಿರಿ? ಕೂತು ನೆನಪು ಮಾಡಿಕೊಂಡು ಬರೆಯಿರಿ.

ಎಡಗೈ:

ಬೈಕ್ ರಿಪೇರಿ ನನಗೆ ಗೊತ್ತಿಲ್ಲ, ಕೈ ವಿಷಯ ಗೊತ್ತು. ಹನ್ನೆರಡು ವರ್ಷ ಗ್ರೈಂಡರ್ ಹಿಡಿದು ಕೆಲಸ ಮಾಡಿದ್ದೇನೆ.

ಯಾವ ಬೆರಳು ಜೋಮು ಹಿಡಿಯುತ್ತದೆ ನೋಡಿಕೊಳ್ಳಿ. ಕಿರುಬೆರಳು, ಉಂಗುರದ ಬೆರಳು ಆದರೆ ಅಂಗೈಯ ಹೊರ ಅಂಚಿನ ಮೇಲೆ ಭಾರ ಬೀಳುತ್ತಿರಬಹುದು, ಅಲ್ಲಿ ಒಂದು ನರ ಹೋಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಆದರೆ ಮಣಿಕಟ್ಟಿನ ನಡುವೆ ಹಾದುಹೋಗುವ ಇನ್ನೊಂದು ನರ. ಮಣಿಕಟ್ಟು ಬಗ್ಗಿಸಿ ಹಿಡಿದರೆ ಅದು ಜಾಸ್ತಿ. ಎರಡಕ್ಕೂ ಹ್ಯಾಂಡಲ್ ಕೋನ, ಲಿವರ್ ಎತ್ತರ ಸ್ವಲ್ಪ ಬದಲಿಸಿ ನೋಡಬಹುದು. ಬ್ರೇಕ್ ಲಿವರ್ ಮೇಲೆ ಬೆರಳಿಟ್ಟಾಗ ಮೊಣಕೈಯಿಂದ ಬೆರಳ ತನಕ ಒಂದೇ ಗೆರೆ ಇರಬೇಕು.

ಎಲ್ಲಕ್ಕಿಂತ ದೊಡ್ಡ ತಪ್ಪು ಬಿಗಿಯಾಗಿ ಹಿಡಿಯುವುದು. ನಡುಕ ಬಂದಾಗ ಎಲ್ಲರೂ ಮಾಡುವುದು ಅದನ್ನೇ. ಬಿಗಿ ಹಿಡಿದಷ್ಟೂ ನಡುಕ ಕೈಯೊಳಗೆ ಜಾಸ್ತಿ ಇಳಿಯುತ್ತದೆ. ನಿಮ್ಮ ದಪ್ಪ ಸ್ಪಂಜಿನ ಗ್ರಿಪ್ ಮೇಲೆ ನನಗೆ ಅನುಮಾನ. ಗ್ರಿಪ್ ದಪ್ಪ ಆದರೆ ಸಣ್ಣ ಕೈಯವರು ಇನ್ನೂ ಗಟ್ಟಿಯಾಗಿ ಹಿಡಿಯಬೇಕಾಗುತ್ತದೆ. ಸ್ಪಂಜು ಉಳಿಸಿದ್ದನ್ನು ಮುಷ್ಟಿ ಕಳೆಯುತ್ತದೆ. ದಪ್ಪ ಗ್ಲೌಸಿಗೂ ಅದೇ ಕಥೆ.

ಯೂರೋಪಿನಲ್ಲಿ ಕೈಗೆ ತಾಗುವ ನಡುಕಕ್ಕೆ 2002ರಲ್ಲೇ ಕಾನೂನು ಮಾಡಿದ್ದಾರೆ. ಎಂಟು ಗಂಟೆಯ ಕೆಲಸಕ್ಕೆ ಸರಾಸರಿ ತೆಗೆದಾಗ 2.5 ಮೀಟರ್ ಪರ್ ಸೆಕೆಂಡ್ ಸ್ಕ್ವೇರ್ ದಾಟಿದರೆ ಮಾಲೀಕ ಕ್ರಮ ತೆಗೆದುಕೊಳ್ಳಬೇಕು, 5 ದಾಟುವಂತೆಯೇ ಇಲ್ಲ. ಅದು ಕಾರ್ಖಾನೆಗೆ, ನಿಮ್ಮ ಮುಕ್ಕಾಲು ಗಂಟೆಯ ಓಡಾಟಕ್ಕಲ್ಲ. ಹೆದರಿಸಲು ಹೇಳುತ್ತಿಲ್ಲ. ಎಷ್ಟು ಹೊತ್ತು ತಾಗುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ ಅಂತ ಹೇಳಿದೆ. ಹತ್ತು ನಿಮಿಷದಲ್ಲಿ ಸರಿಹೋಗುವುದು ಒಂದು. ರಾತ್ರಿ ಮಲಗಿದಾಗಲೂ ಜೋಮು ಬಂದರೆ, ಚಳಿಗೆ ಬೆರಳ ತುದಿ ಬೆಳ್ಳಗಾದರೆ, ಅಂಗಿ ಗುಂಡಿ ಹಾಕಲು ತಡವರಿಸಿದರೆ ಅದು ಬೇರೆ. ಡಾಕ್ಟರ ಹತ್ತಿರ ಹೋಗಿ. ನಾನು ತಡ ಮಾಡಿದೆ. ಈಗ ಹೆಸರಿನಲ್ಲಷ್ಟೇ ಅಲ್ಲ, ಕೆಲಸದಲ್ಲೂ ಎಡಗೈಯವನು.

ಹತ್ತೊಂಬತ್ತು ಕಿಮೀ:

ಇಬ್ಬರಿಗೂ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಬೇಗ ಹೊರಟು ಎರಡೂ ಪರೀಕ್ಷೆ ಮಾಡಿದೆ.

ಕ್ಲಚ್ ಹಿಡಿದ ಕೂಡಲೇ ಗುಂಯ್ ಮಾಯ. ಬೈಕ್ ಸದ್ದಿಲ್ಲದೆ ಉರುಳಿತು. ಅಷ್ಟು ಹಗುರಾಗಿ ಓಡುತ್ತದೆ ಅಂತ ಮೂರೂವರೆ ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ನಾಲ್ಕನೇ ಗೇರ್‌ನಲ್ಲಿ 52ಕ್ಕೆ ಬಂತು, ಮೂರರಲ್ಲಿ 42ಕ್ಕೆ. ಸೆಂಟರ್ ಸ್ಟ್ಯಾಂಡ್ ಹಾಕಿ ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಕೊಟ್ಟರೂ ಒಂದು ಹಂತದಲ್ಲಿ ಹ್ಯಾಂಡಲ್ ಅದೇ ರಾಗ ಹಾಡುತ್ತದೆ. ಹಾಗಾದರೆ ಇಂಜಿನ್ನೇ.

ಬೆರಳು ಕಿರುಬೆರಳು, ಉಂಗುರದ ಬೆರಳು. ರಾತ್ರಿ ಏನೂ ಇಲ್ಲ. ಮುಷ್ಟಿ ಬಿಗಿ ಹಿಡಿಯುವುದು ನಿಜ, ನೋಡಿಕೊಂಡೆ. ಗಟ್ಟಿಯಾಗಿ ಹಿಡಿದು ಹಲ್ಲು ಬೇರೆ ಕಚ್ಚಿಕೊಂಡಿರುತ್ತೇನೆ.

ನೆನಪು ಮಾಡಿಕೊಂಡಾಗ ಸಿಕ್ಕಿದ್ದು ಎರಡು. ಒಂದು, ಮೀಟರ್ 36,000 ಇದ್ದಾಗ ಇಂಜಿನ್ ಒಳಗಿನ ಟೈಮಿಂಗ್ ಚೈನ್ ಕಟಕಟ ಅಂತಿತ್ತು, ಬದಲಿಸಿದರು. ಹೆಡ್ (ಇಂಜಿನ್ನಿನ ಮೇಲ್ಭಾಗ) ಬಿಚ್ಚಿದ್ದೇವೆ ಅಂದಿದ್ದ ನೆನಪು. ಎರಡು, ಅದಾದ ಎರಡು ವಾರಕ್ಕೆ ಮಳೆಯಲ್ಲಿ ಕೆಸರಿಗೆ ಜಾರಿ ಬಲಕ್ಕೆ ಬಿದ್ದೆ. ನಿಂತ ಹಾಗೇ ಬಿದ್ದಿದ್ದು, ಏನೂ ಆಗಲಿಲ್ಲ. ಬಲಗಡೆ ಗ್ರಿಪ್ ಹರಿಯಿತು, ಹ್ಯಾಂಡಲ್ ತುದಿಯಲ್ಲಿ ಇರುವ ಆ ಗುಂಡು ಕಬ್ಬಿಣ ಉಜ್ಜಿ ಹಾಳಾಯಿತು. ಆಮೇಲೆ ಸ್ಪಂಜಿನ ಗ್ರಿಪ್ ಹಾಕಿಸಿದ್ದು. ಆ ಗುಂಡು ಚೆನ್ನಾಗಿ ಕಾಣುತ್ತಿರಲಿಲ್ಲ ಅಂತ ಎರಡೂ ಕಡೆಯದ್ದು ತೆಗೆಸಿ ಮನೆಯಲ್ಲಿ ಮೊಳೆ ಡಬ್ಬಿಗೆ ಹಾಕಿದ್ದೇನೆ. ಅದು ಬರೀ ಅಲಂಕಾರ ತಾನೇ?

ಹಳೇ ಪಾನಾ:

ಅಯ್ಯೋ ದೇವರೇ. ಅಲಂಕಾರ ಅಲ್ಲ ಮಾರಾಯರೇ! ನಿಮ್ಮ ಗ್ರಿಪ್ಪು, ಗ್ಲೌಸು, ಆಯಿಲ್ಲು ಎಲ್ಲಾ ಸೇರಿ ಮಾಡದ ಕೆಲಸವನ್ನು ಆ ಎರಡು ಗುಂಡು ಮಾಡುತ್ತಿದ್ದವು.

ಹ್ಯಾಂಡಲ್ ಅಂದರೆ ನಡುವೆ ಮಾತ್ರ ಹಿಡಿತ ಇರುವ ಟೊಳ್ಳು ಪೈಪು. ಎರಡು ತುದಿಯೂ ಗಾಳಿಯಲ್ಲಿ. ಮೇಜಿನ ಅಂಚಿಗೆ ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು ಮೀಟಿದರೆ ಟ್ರ್‌ರ್ ಅನ್ನುತ್ತದಲ್ಲ, ಅದರ ಅಣ್ಣ. ಪ್ರತಿ ಪೈಪಿಗೂ ತನ್ನದೇ ಒಂದು ಲಯ ಇರುತ್ತದೆ. ಇಂಜಿನ್ ಸುತ್ತು ಆ ಲಯಕ್ಕೆ ಕೂಡಿದಾಗ ಸಣ್ಣ ನಡುಕ ದೊಡ್ಡದಾಗುತ್ತದೆ, ದಾಟಿದ ಮೇಲೆ ಇಳಿಯುತ್ತದೆ. ನಿಮಗೆ 58ರಲ್ಲಿ ಶುರುವಾಗಿ 62ಕ್ಕೆ ಏರಿ 68ಕ್ಕೆ ಇಳಿಯುವುದು ಅದಕ್ಕೇ. ತುದಿಗೆ ತೂಕ ಕಟ್ಟಿದರೆ ಲಯ ನಿಧಾನವಾಗುತ್ತದೆ. ನೀವು ಹೆಚ್ಚು ಹೊತ್ತು ಓಡಿಸದ ವೇಗಕ್ಕೆ ಅದು ಸರಿಯುತ್ತದೆ. ತೂಕ ಇದ್ದ ತುದಿಯನ್ನು ಅಲ್ಲಾಡಿಸುವುದೂ ಕಷ್ಟ. ಬೈಕ್ ಮಾಡಿದವರು ಎಷ್ಟೋ ಸಲ ಓಡಿಸಿ ನೋಡಿ ಆ ತೂಕ ಇಟ್ಟಿರುತ್ತಾರೆ. ಉಜ್ಜಿದ ಗುರುತು ಇದ್ದರೆ ಇರಲಿ, ತೂಕ ಕಡಿಮೆಯಾಗಿಲ್ಲ. ಇವತ್ತೇ ಹಾಕಿ. ಹಾಕುವಾಗ ಬಲಗಡೆ ಗ್ರಿಪ್‌ಗೂ ಗುಂಡಿಗೂ ಕೂದಲೆಳೆ ಸಂದು ಬಿಡಿ. ಉಜ್ಜಿದರೆ ಆಕ್ಸಿಲರೇಟರ್ ವಾಪಸ್ ಬರದೆ ಸಿಕ್ಕಿಕೊಳ್ಳುತ್ತದೆ. ಅದು ನಡುಕಕ್ಕಿಂತ ದೊಡ್ಡ ಅಪಾಯ.

ಆದರೆ ನಿಮ್ಮ ಕಥೆ ಅಲ್ಲಿಗೇ ಮುಗಿಯುವುದಿಲ್ಲ ಅಂತ ನನ್ನ ಅಂದಾಜು. ಮಂಡಿ ತಾಗಿಸಿದರೆ ಟ್ಯಾಂಕ್ ನಡುಗುತ್ತದೆ ಅಂದಿರಿ. ಹ್ಯಾಂಡಲ್ ತೂಕಕ್ಕೂ ಟ್ಯಾಂಕಿಗೂ ಸಂಬಂಧ ಇಲ್ಲ. ಟೈಮಿಂಗ್ ಚೈನ್‌ಗೆ ಹೆಡ್ ಬಿಚ್ಚಿದ್ದಾರೆ. ಬಹಳ ಬೈಕ್‌ಗಳಲ್ಲಿ ಹೆಡ್ ಮೇಲಿನಿಂದ ಫ್ರೇಮ್‌ಗೆ ಒಂದು ಬ್ರಾಕೆಟ್ ಇರುತ್ತದೆ, ಟ್ಯಾಂಕಿನ ಕೆಳಗೆ. ಅದನ್ನು ಬಿಚ್ಚದೆ ಹೆಡ್ ಹೊರಗೆ ಬರುವುದಿಲ್ಲ. ಮತ್ತೆ ಕಟ್ಟುವಾಗ ಅದು ಕೊನೆಯ ಕೆಲಸ. ಕೊನೆಯ ಕೆಲಸ ಅಂದರೆ ಊಟದ ಹೊತ್ತು, ಅಥವಾ ಮನೆಗೆ ಹೋಗುವ ಹೊತ್ತು. ಮೂವತ್ತು ವರ್ಷದಲ್ಲಿ ನಾನೂ ಎರಡು ಸಲ ಹಾಗೆ ಮರೆತಿದ್ದೇನೆ, ಬಾಯಿ ಬಿಟ್ಟು ಹೇಳುವುದು ಇದೇ ಮೊದಲು.

ಟ್ಯಾಂಕ್ ಎತ್ತಿ ಟಾರ್ಚ್ ಹಾಕಿ ನೋಡಿ. ಬೋಲ್ಟ್ ತಲೆಯ ಸುತ್ತ, ವಾಷರ್ ಅಂಚಿನಲ್ಲಿ ಕೆಂಪು ಕಂದು ಪುಡಿ ಇದೆಯಾ? ಎರಡು ಕಬ್ಬಿಣ ಕಣ್ಣಿಗೆ ಕಾಣದಷ್ಟು ಒಂದಕ್ಕೊಂದು ಉಜ್ಜಿದರೆ ಆ ಪುಡಿ ಬರುತ್ತದೆ. ಕೈಯಲ್ಲಿ ಅಲ್ಲಾಡಿಸಿದರೆ ಗಟ್ಟಿಯಾಗೇ ಇರುತ್ತದೆ, ಪುಡಿ ಮಾತ್ರ ಸುಳ್ಳು ಹೇಳುವುದಿಲ್ಲ. ಸಿಕ್ಕಿದರೆ ಸುಮ್ನೆ ಅದೊಂದನ್ನು ಎಳೆದು ಬಿಗಿ ಮಾಡಬೇಡಿ. ಇಂಜಿನ್ನನ್ನು ಫ್ರೇಮ್‌ಗೆ ಹಿಡಿದಿರುವ ಮುಂದಿನ ಹ್ಯಾಂಗರ್, ಮೇಲಿನ ಬ್ರಾಕೆಟ್, ಹಿಂದಿನ ಬೋಲ್ಟ್‌ಗಳು ಎಲ್ಲವನ್ನೂ ಅರ್ಧ ಸುತ್ತು ಸಡಿಲಿಸಿ. ಇಂಜಿನ್ ತಾನಾಗಿ ಸರಿಯಾದ ಜಾಗಕ್ಕೆ ಕೂರಲಿ. ಆಮೇಲೆ ಒಂದೊಂದಾಗಿ ಕೈಪಿಡಿಯಲ್ಲಿ ಬರೆದ ಟಾರ್ಕ್‌ಗೆ, ಅಂದರೆ ಅಷ್ಟೇ ಬಿಗಿತಕ್ಕೆ, ಬಿಗಿ ಮಾಡಿ. ಎಳೆದು ಕೂರಿಸಿದ ಇಂಜಿನ್ ಫ್ರೇಮ್‌ನೊಂದಿಗೆ ಜಗಳ ಆಡುತ್ತಲೇ ಇರುತ್ತದೆ. ಟಾರ್ಕ್ ರೆಂಚ್ ಇಲ್ಲದಿದ್ದರೆ ಇರುವವರ ಹತ್ತಿರ ಮಾಡಿಸಿ. ಬೋಲ್ಟ್ ಕೂರುವ ಅಲ್ಯುಮಿನಿಯಂ ಥ್ರೆಡ್ ಒಮ್ಮೆ ಹೋದರೆ ಹೋಯಿತು.

ಟ್ಯಾಂಕ್ ಎತ್ತಿದಾಗ ಅದರ ಕೆಳಗಿನ ರಬ್ಬರ್‌ಗಳನ್ನೂ ಒತ್ತಿ ನೋಡಿ. ಉಗುರು ಇಳಿಯದಷ್ಟು ಗಟ್ಟಿಯಾಗಿದ್ದರೆ ಬದಲಿಸಿ. ಸೈಲೆನ್ಸರ್ ಬೋಲ್ಟ್ ತಣ್ಣಗಿರುವಾಗ ನೋಡಿ. ಚೈನ್ ಇಂಜಿನ್ ಆಫ್ ಇದ್ದಾಗ ಮಾತ್ರ ಮುಟ್ಟಿ. ನಡುವೆ ಮೇಲೆ ಕೆಳಗೆ 25ರಿಂದ 35 ಮಿಮೀ ಆಡಬೇಕು, ನಿಮ್ಮ ಕೈಪಿಡಿ ಬೇರೆ ಹೇಳಿದರೆ ಅದೇ ಸರಿ. ಚಕ್ರ ತಿರುಗಿಸಿ ನಾಲ್ಕು ಕಡೆ ನೋಡಿ. ಒಂದು ಕಡೆ ಸಡಿಲ, ಒಂದು ಕಡೆ ತಂತಿಯ ಹಾಗೆ ಬಿಗಿ ಆದರೆ ಚೈನ್ ಮುಗಿದಿದೆ ಅಂತ ಅರ್ಥ.

ನ್ಯೂಟ್ರಲ್:

ನಡುವೆ ಬಾಯಿ ಹಾಕುತ್ತಿದ್ದೇನೆ. ನನ್ನದು 100 ಸಿಸಿ, ನಾಲ್ಕು ಗೇರ್. ಟಾಪ್ ಗೇರ್‌ನಲ್ಲಿ 30ಕ್ಕೆ ಇಳಿದು ಮತ್ತೆ ಆಕ್ಸಿಲರೇಟರ್ ಕೊಟ್ಟರೆ ಇಡೀ ಬೈಕ್ ಗಡಗಡ ಅನ್ನುತ್ತದೆ. ಇದೂ ಬೋಲ್ಟಾ? ಮತ್ತೆ ಹ್ಯಾಂಡಲ್‌ಗೆ ಮೊಬೈಲ್ ಕಟ್ಟಿಕೊಂಡು ದಾರಿ ನೋಡುತ್ತೇನೆ. ಇತ್ತೀಚೆಗೆ ಅದರ ಕ್ಯಾಮೆರಾ ಫೋಕಸ್ ಆಗುತ್ತಿಲ್ಲ. ಸಂಬಂಧ ಇದೆಯಾ?

ಹಳೇ ಪಾನಾ:

ನಿಮ್ಮದು ಬೋಲ್ಟ್ ಅಲ್ಲ, ಎಡಗಾಲು. ಗೇರ್ ಇಳಿಸಿ. ಫೋರ್ ಸ್ಟ್ರೋಕ್ ಇಂಜಿನ್ ಎರಡು ಸುತ್ತಿಗೆ ಒಮ್ಮೆ ಮಾತ್ರ ಉರಿಯುತ್ತದೆ. ನಿಧಾನಕ್ಕೆ ತಿರುಗುವಾಗ ಒಂದು ಏಟಿಗೂ ಇನ್ನೊಂದು ಏಟಿಗೂ ನಡುವೆ ಬಹಳ ಅಂತರ. ಪ್ರತಿ ಏಟೂ ಚೈನ್ ಜಗ್ಗುತ್ತದೆ, ಹಿಂದಿನ ಚಕ್ರದ ಹಬ್‌ನೊಳಗಿನ ರಬ್ಬರ್ ಒತ್ತುತ್ತದೆ. ಮೈಲೇಜ್ ಸಿಗಲಿ ಅಂತ ಟಾಪ್ ಗೇರ್‌ನಲ್ಲೇ ತೆವಳಿಸುವವರು ಚೈನ್ ಸ್ಪ್ರಾಕೆಟ್ ಮೇಲೆ ಆ ದುಡ್ಡು ಹಾಕುತ್ತಾರೆ.

ಮೊಬೈಲ್ ವಿಷಯ ಬಲ್ಲವರು ಹೇಳಲಿ.

ಎಡಗೈ:

ಸಂಬಂಧ ಇರಬಹುದು. 2021ರ ಸೆಪ್ಟೆಂಬರ್‌ನಲ್ಲಿ ಆಪಲ್‌ನವರೇ ಈ ಬಗ್ಗೆ ಎಚ್ಚರಿಕೆ ಹಾಕಿದ್ದರು. ಕೈ ನಡುಗಿದರೂ ಫೋಟೋ ಸ್ಥಿರವಾಗಿ ಬರಲಿ ಅಂತ ಕ್ಯಾಮೆರಾದಲ್ಲಿ ಲೆನ್ಸ್ ಅಲುಗಾಡುವ ಏರ್ಪಾಟು ಇರುತ್ತದೆ. ಮೋಟರ್‌ಸೈಕಲ್ ಇಂಜಿನ್ನಿನ ನಡುಕ ಹ್ಯಾಂಡಲ್ ಮೂಲಕ ಬಹಳ ದಿನ ತಾಗಿದರೆ ಅದು ಕೆಡಬಹುದು ಅಂತ. ದೊಡ್ಡ ಇಂಜಿನ್ನಿನ ಬೈಕಿಗೆ ಕಟ್ಟಲೇಬೇಡಿ, ಚಿಕ್ಕದಕ್ಕೆ ನಡುಕ ತಡೆಯುವ ಮೌಂಟ್ ಹಾಕಿ ಅಂದಿದ್ದರು. ಆ ಏರ್ಪಾಟು ಬೇರೆ ಕಂಪನಿಯ ಫೋನ್‌ಗಳಲ್ಲೂ ಇರುತ್ತದೆ. ದಾರಿ ಕೇಳಲು ಕಿವಿ ಸಾಕು, ಫೋನ್ ಜೇಬಿನಲ್ಲಿರಲಿ.

ಹತ್ತೊಂಬತ್ತು ಕಿಮೀ:

ಭಾನುವಾರ ಮುಗಿಯಿತು, ವರದಿ ಕೊಡುತ್ತೇನೆ.

ಶನಿವಾರ ಸಂಜೆ ಬರೀ ಗುಂಡು ಹಾಕಿದೆ. ಸ್ಪಂಜಿನ ಗ್ರಿಪ್ ತೆಗೆದು ಮಾಮೂಲಿ ರಬ್ಬರ್ ಗ್ರಿಪ್ ಹಾಕಿದೆ. ಬೇಕಂತಲೇ ಬೇರೇನೂ ಮುಟ್ಟಲಿಲ್ಲ, ಯಾವುದರಿಂದ ಎಷ್ಟು ಹೋಗುತ್ತದೆ ತಿಳಿಯಬೇಕಿತ್ತು. ಓಡಿಸಿದರೆ ಹ್ಯಾಂಡಲ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಇಳಿದಿದೆ! ಇರುವುದೂ 62ರಲ್ಲಿ ಅಲ್ಲ, 55ರ ಹತ್ತಿರಕ್ಕೆ ಬಂದಿದೆ. ಟ್ಯಾಂಕ್ ಮಾತ್ರ ಹಾಗೇ ಇತ್ತು.

ಭಾನುವಾರ ಟ್ಯಾಂಕ್ ಎತ್ತಿದೆ. ಮಗಳು ಟಾರ್ಚ್ ಹಿಡಿದಿದ್ದಳು. ಹೆಡ್ ಮೇಲಿನ ಬ್ರಾಕೆಟ್‌ಗೆ ಫ್ರೇಮ್ ಕಡೆ ಎರಡು ಬೋಲ್ಟ್. ಬಲಗಡೆಯದ್ದು ಸರಿಯಿತ್ತು. ಎಡಗಡೆಯದರ ಸುತ್ತ ನೀವು ಹೇಳಿದ ಪುಡಿ, ಕುಂಕುಮ ಚೆಲ್ಲಿದ ಹಾಗೆ. ಪಾನಾ ಬೇಕಾಗಲೇ ಇಲ್ಲ, ಎರಡು ಬೆರಳಿಗೆ ತಿರುಗಿತು. ಬಿಚ್ಚಿ ನೋಡಿದರೆ ಒಳಗೆ ಇರಬೇಕಾದ ಸಣ್ಣ ಕಾಲರ್ (ಬೋಲ್ಟ್ ತೂರುವ ಕೊಳವೆ ತುಂಡು) ಇಲ್ಲ. ಬಲಗಡೆ ಇದೆ, ಎಡಗಡೆ ಇಲ್ಲ. 2,400 ಕಿಮೀ ಹಾಗೇ ಓಡಿಸಿದ್ದೇನೆ. ಸಿಟ್ಟು ಬಂತು. ಆಮೇಲೆ, ಗುಂಡು ತೆಗೆಸಿದವನು ನಾನೇ ಅಲ್ವಾ ಅಂತ ನೆನಪಾಗಿ ಸ್ವಲ್ಪ ಇಳಿಯಿತು.

ಇವತ್ತು ಕಾಲರ್ ತಂದು, ಟಾರ್ಕ್ ರೆಂಚ್ ಇರುವವರ ಹತ್ತಿರ ಹೋಗಿ, ಎಲ್ಲಾ ಬೋಲ್ಟ್ ಸಡಿಲಿಸಿ ಕೂರಿಸಿ ಬಿಗಿ ಮಾಡಿಸಿದೆ. ಮೊದಲ ಸಲ ಸ್ಟಾರ್ಟ್ ಮಾಡಿದಾಗಲೇ ಸದ್ದು ಬೇರೆ ಅನ್ನಿಸಿತು, ಅದು ನನ್ನ ಭ್ರಮೆಯೂ ಇರಬಹುದು. ಟ್ಯಾಂಕ್‌ನಲ್ಲಿ ನಡುಕ ಇಲ್ಲ. ಹ್ಯಾಂಡಲ್‌ನಲ್ಲಿ 66ರ ಹತ್ತಿರ ಸಣ್ಣಗೆ ಇದೆ, ಬೈಕ್ ಹೊಸದಿದ್ದಾಗ ಇದ್ದಷ್ಟೇ. ಕನ್ನಡಿಯಲ್ಲಿ ಲಾರಿಗೆ ಎರಡೇ ಹೆಡ್‌ಲೈಟ್.

ಇನ್ನೊಂದು. ಈಗ ಆ 11 ಕಿಮೀ 54ರಲ್ಲಿ ಹೋಗುತ್ತಿದ್ದೇನೆ. 62ರಲ್ಲಿ ಹೋದರೆ ಹತ್ತೂವರೆ ನಿಮಿಷ ಚಿಲ್ಲರೆ, 54ರಲ್ಲಿ ಹನ್ನೆರಡು ಚಿಲ್ಲರೆ. ವ್ಯತ್ಯಾಸ ಒಂದೂವರೆ ನಿಮಿಷ. ಆ ಒಂದೂವರೆ ನಿಮಿಷ ಉಳಿಸಲು ಹೋಗಿ ಹತ್ತು ನಿಮಿಷ ಕೈ ಕೊಡವುತ್ತಾ ನಿಲ್ಲುತ್ತಿದ್ದೆ.

ಹಳೇ ಪಾನಾ:

ಭೇಷ್. ಒಂದೊಂದಾಗಿ ಮಾಡಿದಿರಲ್ಲ, ಅದು ನನಗೆ ಇಷ್ಟವಾಯಿತು. ಎಲ್ಲಾ ಒಟ್ಟಿಗೇ ಬದಲಿಸುವವರಿಗೆ ಏನು ಸರಿಹೋಯಿತು ಅಂತ ಕೊನೆಗೂ ಗೊತ್ತಾಗುವುದಿಲ್ಲ.

54ರ ಲೆಕ್ಕಕ್ಕೆ ಒಂದು ಸೇರಿಸುತ್ತೇನೆ. ಪಿಸ್ಟನ್ ಎಳೆಯುವ ಬಲ ಆರ್‌ಪಿಎಂನ ವರ್ಗದಷ್ಟು ಏರುತ್ತದೆ. ಅದೇ ಗೇರ್‌ನಲ್ಲಿ 62ರಿಂದ 54ಕ್ಕೆ ಇಳಿದರೆ ವೇಗ ಇಳಿಯುವುದು ಎಂಟರಲ್ಲಿ ಒಂದು ಪಾಲು, ಬಲ ಇಳಿಯುವುದು ನಾಲ್ಕರಲ್ಲಿ ಒಂದು ಪಾಲು. ಐನೂರು ಕಿಮೀ ಓಡಿಸಿದ ಮೇಲೆ ಆ ಬ್ರಾಕೆಟ್ ಬೋಲ್ಟ್‌ಗೆ ಇನ್ನೊಮ್ಮೆ ಪಾನಾ ಹಾಕಿ. ಹೊಸ ಕಾಲರ್ ಕೂತುಕೊಳ್ಳುವಾಗ ಸ್ವಲ್ಪ ಸಡಿಲ ಆಗಬಹುದು. ಬೋಲ್ಟ್ ತಲೆಯಿಂದ ಬ್ರಾಕೆಟ್‌ಗೆ ಒಂದು ಬಿಳಿ ಪೇಂಟ್ ಗೆರೆ ಎಳೆದಿಟ್ಟರೆ ತಿರುಗಿದ್ದು ಕಣ್ಣಿಗೇ ಕಾಣುತ್ತದೆ.

ಟಾಪ್ ಗೇರ್:

ನಾನು ದಪ್ಪ ಆಯಿಲ್ ಹಾಕಿ ಅಂದವನು. ನೀವೆಲ್ಲಾ ಬರೆದಿದ್ದು ಓದಿ ಸಂಜೆ ಸುಮ್ನೆ ಒಂದು ಪಾನಾ ಹಿಡಿದು ನನ್ನ ಬೈಕ್ ಸುತ್ತ ಬಂದೆ. ಸೈಲೆನ್ಸರ್ ಬೋಲ್ಟ್ ಅರ್ಧ ಸುತ್ತು ತೆಗೆದುಕೊಂಡಿತು. ನಂಬರ್ ಪ್ಲೇಟ್‌ಗೆ ಎರಡು ಬೋಲ್ಟ್ ಇರಬೇಕಿತ್ತು. ಒಂದೇ ಇದೆ.